ಶಾಲೆಯಲ್ಲಿ ಫೋನ್ ಕಿತ್ಕೊಂಡ್ರೆ ಏನು ಮಾಡಬೇಕು, ಏನು ಮಾಡಬಾರದು

ಮೇಷ್ಟ್ರು ಕೈ ಚಾಚಿ ಫೋನ್ ಕೇಳಿದರೆ ಕೊಟ್ಟುಬಿಡಿ. ಅಲ್ಲೇ ವಾದಕ್ಕಿಳಿದರೆ, ಇಡೀ ಕ್ಲಾಸ್ ನೋಡುತ್ತಿರುವಾಗ ಅವರೂ ಬಗ್ಗಲ್ಲ, ನೀವೂ ಬಗ್ಗಲ್ಲ, ಕೊನೆಗೆ ಮಾತು ಫೋನ್ ಬಿಟ್ಟು ನಿಮ್ಮ ನಡತೆಯ ಮೇಲೆ ಬರುತ್ತದೆ. ಆದರೆ ಕೊಡುವ ಮುಂಚೆ "ಆಫ್ ಮಾಡಿ ಕೊಡ್ತೀನಿ ಸರ್" ಅಂತ ಹೇಳಿ ಸ್ವಿಚ್ ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ಬೆರಳಚ್ಚು, ಮುಖ ಯಾವುದೂ ನಡೆಯಲ್ಲ, ಮೊದಲು ಪಿನ್ ಹಾಕಲೇಬೇಕು. ಲಾಕ್ ಇಲ್ಲದ ಫೋನನ್ನು ಶಾಲೆಗೆ ತರಲೇಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, ಫೋನ್ ತೆಗೆದುಕೊಳ್ಳುವುದು ಬೇರೆ, ಒಳಗೆ ಇಣುಕುವುದು ಬೇರೆ. ಮಕ್ಕಳೂ ಮೇಷ್ಟ್ರುಗಳೂ ಇವೆರಡನ್ನು ಒಂದೇ ಅಂದುಕೊಂಡುಬಿಡುತ್ತಾರೆ.

ತೆಗೆದುಕೊಳ್ಳಬಹುದಾ? ಹೌದು. 2025ರಲ್ಲಿ ದೆಹಲಿ ಹೈಕೋರ್ಟ್ ಕೇಂದ್ರೀಯ ವಿದ್ಯಾಲಯದ ಒಬ್ಬ ವಿದ್ಯಾರ್ಥಿಯ ಕೇಸಿನಲ್ಲಿ ಈ ಬಗ್ಗೆ ಸಾಕಷ್ಟು ಹೇಳಿದೆ. ಪೂರ್ತಿ ನಿಷೇಧ ಸರಿಯೂ ಅಲ್ಲ, ನಡೆಯುವುದೂ ಇಲ್ಲ ಅಂದಿತು. ಜೊತೆಗೆ, ಸಾಧ್ಯವಿದ್ದಲ್ಲಿ ಬೆಳಿಗ್ಗೆ ಫೋನ್ ಜಮಾ ಮಾಡಿಸಿಕೊಂಡು ಸಂಜೆ ಕೊಡಬಹುದು, ಕ್ಲಾಸಲ್ಲಿ ಬಳಸಬಾರದು, ಶಾಲೆಯೊಳಗೆ ಫೋಟೊ, ರೆಕಾರ್ಡಿಂಗ್ ಬೇಡ, ನಿಯಮ ಮುರಿದರೆ ಫೋನ್ ಕಿತ್ತಿಟ್ಟುಕೊಳ್ಳಬಹುದು ಅಂತಲೂ ಅಂದಿತು. ಅಂದರೆ ಸುಮ್ನೆ "ನನ್ನ ಫೋನ್, ನನ್ನ ಹಕ್ಕು" ಅಂದರೆ ಕೆಲಸ ಆಗಲ್ಲ.

ಒಳಗೆ ಇಣುಕಬಹುದಾ? ಇಲ್ಲಿ ನಾನು ನಿಮ್ಮ ಪರ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಹದಿನೈದು ವರ್ಷದ ಹುಡುಗಿಯ ವಾಟ್ಸಾಪನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಓದಿ ನಗುವುದಕ್ಕೆ ಶಿಸ್ತು ಅನ್ನಲ್ಲ. ಪಾಸ್‌ವರ್ಡ್ ಕೇಳಿದರೆ ಎದುರು ಮಾತಾಡದೆ, "ಅಪ್ಪ ಅಮ್ಮ ಬರಲಿ ಸರ್, ಅವರ ಮುಂದೆ ಮಾತಾಡೋಣ" ಅನ್ನಿ. ಅಷ್ಟೇ ಹೇಳಿ, ಮತ್ತೆ ಕೇಳಿದರೂ ಅದನ್ನೇ ಹೇಳಿ. ಆದರೆ ಯಾರದೋ ಫೋಟೊ ಅಥವಾ ವಿಡಿಯೊ ತೆಗೆದಿದ್ದೀರಿ ಅನ್ನುವ ದೂರು ಇದ್ದರೆ ಲೆಕ್ಕ ಪೂರ್ತಿ ಬೇರೆ. ಆಗ ಡಿಲೀಟ್ ಮಾಡಲು ಹೋಗಬೇಡಿ, ಕೂಡಲೇ ಮನೆಯವರಿಗೆ ಹೇಳಿ.

ಫೋನ್ ವಾಪಸ್ ಪಡೆಯಲು ಅಪ್ಪನೋ ಅಮ್ಮನೋ ಹೋಗುವುದು ಒಳ್ಳೆಯದು, ಕೈಯಲ್ಲಿ ಪತ್ರ ಇರಲಿ. ಯಾವ ದಿನ, ಯಾರು ತೆಗೆದುಕೊಂಡರು, ಯಾವ ಫೋನ್, ಐಎಂಇಐ ನಂಬರ್ ಎಷ್ಟು, ಎಲ್ಲ ಬರೆಯಿರಿ. (ಐಎಂಇಐ ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರ್. *#06# ಒತ್ತಿದರೆ ಆ ನಂಬರ್ ಬರುತ್ತದೆ, ಇವತ್ತೇ ಬರೆದಿಟ್ಟುಕೊಳ್ಳಿ, ಫೋನ್ ಕೈಬಿಟ್ಟ ಮೇಲೆ ಒತ್ತೋಕೆ ಫೋನೇ ಇರಲ್ಲ ಅಲ್ವಾ!) "ವರ್ಷದ ಕೊನೆಗೆ ಕೊಡ್ತೀವಿ" ಅಂದರೆ ಆ ನಿಯಮ ಶಾಲೆಯ ಡೈರಿಯಲ್ಲಿ ಎಲ್ಲಿದೆ ಅಂತ ಮೆಲ್ಲಗೆ ಕೇಳಿ, ಪತ್ರದ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆಗಲೂ ಕೊಡದಿದ್ದರೆ, ಶಾಲೆಯಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಪಿಯು ಆದರೆ ಡಿಡಿಪಿಯುಗೆ (ಪಿಯು ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ) ನೀವು ಬರೆಯಬಹುದು. ಫೋನ್ ನೆಪದಲ್ಲಿ ಹೊಡೆದರೆ ಮಾತ್ರ ಇಷ್ಟು ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇನ್ನು ನಿಯಮವನ್ನೇ ಬದಲಾಯಿಸಬೇಕು ಅಂದರೆ ಫಹೀಮಾ ಶಿರಿನ್ ಕೇಸು ನೋಡಿ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಬಿಎ ವಿದ್ಯಾರ್ಥಿನಿ. ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನ್ ಒಪ್ಪಿಸಬೇಕು ಅನ್ನುವ ನಿಯಮ. ಆಕೆ ಒಪ್ಪಲಿಲ್ಲ, ಹಾಸ್ಟೆಲಿಂದ ಹೊರಹಾಕಿದರು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ ಹೇಳಿ ವಾಪಸ್ ಸೇರಿಸಿಕೊಳ್ಳಲು ಆದೇಶಿಸಿತು. ಗಮನಿಸಿ, ನಿಯಮ ಇದ್ದದ್ದು ಓದುವ ಹೊತ್ತಿಗೆ, ಆಕೆ ಕೇಳಿದ್ದೂ ಓದಿಗಾಗಿ. ಕೇರಳದ ತೀರ್ಪು ನಮ್ಮ ಪ್ರಿನ್ಸಿಪಾಲರ ಕೈ ಕಟ್ಟಲ್ಲ, ಎಂಟನೇ ಕ್ಲಾಸಿನ ಹುಡುಗನಿಗೆ ಹಾಗೇ ಅನ್ವಯಿಸಲ್ಲ, ಆದರೂ ಮನವಿಯಲ್ಲಿ ಒಂದು ಸಾಲು ಹಾಕಬಹುದು.

ಮನವಿಯಲ್ಲಿ "ಫೋನ್ ಬೇಕು" ಅಂತ ಬರೆಯಬೇಡಿ, ಯಾವ ಹೊತ್ತಿಗೆ ಯಾವ ಕೆಲಸಕ್ಕೆ ಅಂತ ಬರೆಯಿರಿ. ಹೀಗೆ:

"ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮಲ್ಲಿ ಹಲವರು ಸಂಜೆ 5ರ ಬಸ್ಸಿಗೆ ಹಳ್ಳಿಗೆ ಹೋಗುವವರು. ಬಸ್ ತಪ್ಪಿದರೆ ಮನೆಗೆ ತಿಳಿಸಲು ಬೇರೆ ದಾರಿ ಇಲ್ಲ. ಬೆಳಿಗ್ಗೆ ಫೋನ್ ಆಫ್ ಮಾಡಿ ಆಫೀಸಿನಲ್ಲಿ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ, ಕೊನೆಯ ಬೆಲ್ ಆದ ಮೇಲೆ ಪಡೆಯಲು ಅವಕಾಶ ಕೊಡಬೇಕು."

ಇದಕ್ಕೆ ಇಲ್ಲ ಅನ್ನುವುದು ಕಷ್ಟ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿಸಿ, ಅಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ. ಮೊದಲು ಒಂದು ತಿಂಗಳು ನೋಡೋಣ ಅಂದರೆ ಒಪ್ಪಿಕೊಳ್ಳಿ, ಜಾಸ್ತಿ ಎಳೆಯಬೇಡಿ. ಆ ತಿಂಗಳಲ್ಲಿ ಒಬ್ಬ ಟಾಯ್ಲೆಟ್ಟಿನಲ್ಲಿ ರೀಲ್ಸ್ ಮಾಡಿ ಸಿಕ್ಕಿಬಿದ್ದರೂ ಎಲ್ಲರ ಫೋನಿಗೂ ಕುತ್ತು, ಹಾಗಾಗಿ ಸಹಿ ಹಾಕಿದವರೆಲ್ಲ ಮೊದಲೇ ಕೂತು ಮಾತಾಡಿಕೊಳ್ಳಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷಾ ಕೇಂದ್ರಕ್ಕೆ ಇದ್ಯಾವುದೂ ಅನ್ವಯಿಸಲ್ಲ. ಫೋನ್, ಸ್ಮಾರ್ಟ್ ವಾಚ್ ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿ.