ಮುಚ್ಚಳಿಕೆ ಬರಿಯೋಕಿಂತ ಮೊದ್ಲು ಒಂದ್ ಫೋನ್ ಹಚ್ಚ್ರಿ

ನಂದು ಕಲಬುರಗಿ ಕೋರ್ಟ್ ಹತ್ರ ಒಂದ್ ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ. ಸಂಜಿಗಿ ಶಟರ್ ಎಳದ ಮ್ಯಾಲ ನಾಟಕದ ಹುಚ್ಚು. ವಕೀಲ ಅಲ್ಲ, ಯಾವ ಸಂಘಟನೆ ಪದಾಧಿಕಾರಿನೂ ಅಲ್ಲ. ಆದ್ರ ಹತ್ತ್ ವರ್ಷದಿಂದ ನಮ್ ಕಡಿ ಹಾಡವ್ರು, ಆಡವ್ರು, ಚಿತ್ರ ಬರಿಯವ್ರು ಯಾರರ ತಮ್ಮ ಕೆಲಸದ ಸಲುವಾಗಿ ಸಿಕ್ಕಿಬಿದ್ರ ಯಾಕೋ ಏನೋ ನನ್ ನಂಬರ್‌ಗೇ ಫೋನ್ ಬರ್ತದ. ಲೆಕ್ಕ ಹಾಕಿದ್ರ ಹದಿನಾಕು ಜನ ಆಗ್ತಾರ. ಹೆಂಗ್ ಮಾಡ್ತೀರಿ ಅಂತ ಹುಡುಗ್ರು ಕೇಳ್ತಿರ್ತಾರ, ಅದಕ್ಕ ಬರೀಲಕತ್ತೀನಿ. ಮೊದ್ಲು ನಾ ಕೆಡಿಸಿದ್ದು ಹೇಳ್ತೀನಿ, ಯಾಕಂದ್ರ ಕಲ್ತಿದ್ದೆಲ್ಲ ಅಲ್ಲೇ.

ಒಂದ್ ಹಳ್ಳಿ, ಹೆಸರ್ ಹೇಳಂಗಿಲ್ಲ. ಅಲ್ಲಿ ತತ್ವಪದ ಹಾಡೋ ಒಬ್ರು ಕಾಕಾ. ಮೊಹರಂ ಬಂದ್ರ ಅಲಾಯಿ ಮುಂದ ಹಾಡ್ತಿದ್ರು, ಶ್ರಾವಣ ಬಂದ್ರ ಗುಡ್ಯಾಗ ಭಜನಿ, ಏಕತಾರಿ ಎರಡೂ ಕಡಿ ಅದೇ. ಒಂದ್ ಅಮಾಸಿ ರಾತ್ರಿ ತಾವೇ ಕಟ್ಟಿದ ಪದ ಹಾಡಿದ್ರು, ಬಾವಿ ನೀರಿಗಿ ಜಾತಿ ಎಲ್ಲಿ ಅಂಟ್ಕೊಂಡದ ತೋರ್ಸಪ್ಪಾ ಅನ್ನೋ ಅರ್ಥದ್ದು. ಯಾರೋ ಮೊಬೈಲ್ನ್ಯಾಗ ಹಿಡದು ಅದ್ರಾಗಿಂದ ನಲವತ್ತ್ ಸೆಕೆಂಡ್ ಕತ್ತರ್ಸಿ ಗ್ರೂಪಿಗಿ ಬಿಟ್ರು, ಹಿಂದಿಲ್ಲ ಮುಂದಿಲ್ಲ, ಬರೇ ಚುಚ್ಚೋ ಸಾಲು. ಮರುದಿನ ಮುಂಜಾನಿ ಮನಿ ಮುಂದ ಮಂದಿ. ಸಂಜಿಗಿ ಕಾಕಾನ್ನ ಠಾಣಾಕ್ಕ ಕರ್ಕೊಂಡ್ ಹೋದ್ರು, ನಿಮ್ ಸೇಫ್ಟಿಗೇ ಅಂತ. ರಾತ್ರಿ ಹತ್ತಕ್ಕ ಬಿಟ್ರು, ಬಿಡೋಕಿಂತ ಮೊದ್ಲು ಒಂದ್ ಮುಚ್ಚಳಿಕೆ ಬರೆಸ್ಕೊಂಡ್ರು, ಇನ್ ಮುಂದ ಎಲ್ಲೂ ಹಾಡಂಗಿಲ್ಲ, ಹಾಡಿದ್ರ ಕಾನೂನು ಕ್ರಮಕ್ಕ ಬದ್ಧ. ಕಾಕಾಗ ಓದ್ಲಕ ಬರಲ್ಲ. ಹೆಬ್ಬೆಟ್ಟು ಒತ್ತಿ ಬಂದ್ರು.

ನನಗ ಸುದ್ದಿ ಗೊತ್ತಾಗಿದ್ದು ಮರುದಿನ. ಸಿಟ್ಟು ಬಂದು ಅವ್ರ ಫೋಟೊ, ಊರ್ ಹೆಸರು, ಎಲ್ಲಾ ಹಾಕಿ ಫೇಸ್ಬುಕ್ಕಿನ್ಯಾಗ ಉದ್ದಕ್ಕ ಬರದೆ. ಮುನ್ನೂರ್ ಶೇರ್ ಆಯ್ತು, ನಾ ಏನೋ ದೊಡ್ಡ ಕೆಲಸ ಮಾಡೀನಿ ಅಂತ ಎದಿ ಉಬ್ಬಿಸ್ಕೊಂಡ್ ಮಲಗ್ದೆ. ಅವತ್ತೇ ರಾತ್ರಿ ಕಾಕಾನ ತಗಡಿನ ಮ್ಯಾಲ ಕಲ್ಲ್ ಬಿದ್ವು. ಅವ್ರ ಮನಿಯವ್ರು ಫೋನ್ ಹಚ್ಚಿ ಒಂದೇ ಮಾತು ಅಂದ್ರು, "ತಮ್ಮಾ, ನೀ ಛಲೋ ಮಾಡ್ಲಕ ಹೋಗಿದ್ದಿ ಖರೇ, ಆದ್ರ ಅವ್ರನ್ನ ಒಂದ್ ಮಾತ್ ಕೇಳ್ಬೇಕಿಲ್ಲೇನ?" ಪೋಸ್ಟ್ ತೆಗದೆ, ತೆಗದ್ರ ಏನ್ ಬಂತು, ಸ್ಕ್ರೀನ್‌ಶಾಟ್ ಊರ್ ತುಂಬ ತಿರಗ್ಲಕತ್ತಿತ್ತು. ಹದಿನೈದ್ ದಿನ ಆದಮ್ಯಾಲ ಹೋದೆ. ಏಕತಾರಿಗಿ ಗೋಣಿಚೀಲ ಸುತ್ತಿ ಮೊಳಿಗಿ ತೂಗ್ ಹಾಕಿದ್ರು, ತಂತಿ ಸಡ್ಲ ಬಿಟ್ಟಿದ್ರು. ಚಹಾ ಕೊಟ್ರು, ಬಿಸಿಲಿನ ಮಾತಾಡಿದ್ರು, ಮಳಿ ಮಾತಾಡಿದ್ರು, ಪದದ ಮಾತ್ ಬರ್ಲೇ ಇಲ್ಲ.

ಅವತ್ತಿಂದ ಫೋನ್ ಬಂದ್ರ ನಾ ಮೊದ್ಲು ಕೇಳೋದು ಏನಾಯ್ತು ಅಂತಲ್ಲ. ಎಲ್ಲಿದ್ದೀರಿ, ಪಕ್ಕದಾಗ ಯಾರ್ ಅದಾರ, ರಾತ್ರಿ ಎಲ್ಲಿ ಮಲಗ್ತೀರಿ. ಆಮ್ಯಾಲ ನಿಮಗ ಏನ್ ಆಗ್ಬೇಕು ಅಂತ ಕೇಳ್ತೀನಿ. ಹಾಡೋದು ಮುಂದುವರಸ್ಬೇಕಾ, ಒಂದ್ ತಿಂಗಳು ಸುಮ್ಕ ಇರ್ಬೇಕಾ, ಊರ್ ಬಿಡ್ಬೇಕಾ, ಕೇಸ್ ಹಾಕ್ಬೇಕಾ, ಪೇಪರಿನ್ಯಾಗ ಬರ್ಬೇಕಾ ಬ್ಯಾಡಾ. ಭಾಳ ಮಂದಿಗಿ ಈ ಪ್ರಶ್ನಿ ಯಾರೂ ಕೇಳಿರಂಗಿಲ್ಲ. ಒಬ್ಬ ಕಾರ್ಟೂನ್ ಬರಿಯೋ ಹುಡುಗಿ ಅಂದ್ಳು, "ಅಣ್ಣಾ ನನಗ ಹೋರಾಟ ಬ್ಯಾಡ, ನಮ್ ಅಪ್ಪಗ ಗೊತ್ತಾಗ್ಬಾರ್ದು, ಅಷ್ಟೇ." ಅಷ್ಟೇ ಮಾಡಿದೆವು. ಅಕಿಗಿ ಬಂದ ಬೆದರಿಕಿ ಮೆಸೇಜ್ ದಾಖಲೆ ಇಟ್ವಿ, ಅಕೌಂಟಿಗಿ ಟೂ ಸ್ಟೆಪ್, ಅಂದ್ರ ಪಾಸ್‌ವರ್ಡ್ ಜೊತಿಗಿ ಇನ್ನೊಂದ್ ಕೋಡ್ ಕೇಳೋ ಬೀಗ, ಹಾಕಿಸಿದ್ವಿ, ಗೆಳತಿ ಮನ್ಯಾಗ ಎಂಟ್ ದಿನ ಇದ್ಳು, ಮುಗೀತು. ನಮ್ ಗೆಳ್ಯಾರೇ ಕೆಲವ್ರು ನೀ ಅಂಜುಬುರುಕ ಅಂದ್ರು, ಅನ್ಲಿ ಬಿಡ್ರಿ.

ಗದ್ದಲದಿಂದ ಜೀವ ಉಳದದ್ದೂ ಅದ, ಇಲ್ಲ ಅನ್ನಂಗಿಲ್ಲ. ಇರಾನಿನ ರ್‍ಯಾಪರ್ ತೂಮಾಜ್ ಸಾಲೇಹಿಗೆ 2024ರ ಏಪ್ರಿಲ್‌ನ್ಯಾಗ ಮರಣದಂಡನೆ ಅಂತ ತೀರ್ಪು ಬಂತು, ಜಗತ್ತಿನ ಎಲ್ಲಾ ಕಡಿ ಕಲಾವಿದರು ಅವನ ಹೆಸರು ಹಿಡದು ಕೂಗಿದ್ರು, ಜೂನ್‌ದಾಗ ಅಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡ್ತು, ಡಿಸೆಂಬರಿನ್ಯಾಗ ಅಂವ ಹೊರಗ ಬಂದ. ಆದ್ರ ಅಂವ ಮೊದ್ಲೇ ಎಲ್ಲರಿಗೂ ಗೊತ್ತಿದ್ದ ಹೆಸರು, ಸರ್ಕಾರದ ಕೈಯಾಗಿದ್ದ, ಮುಚ್ಚಿಡ್ಲಕ ಏನೂ ಉಳದಿರ್ಲಿಲ್ಲ. ನಮ್ಮ ಕಾಕಾನ ಹೆಸರು ಹಳ್ಳಿ ಹೊರಗ ಯಾರಿಗೂ ಗೊತ್ತಿರ್ಲಿಲ್ಲ, ನಾ ಗೊತ್ತ್ ಮಾಡ್ಸಿದೆ. ಎರಡೂ ಒಂದೇ ತಕ್ಕಡ್ಯಾಗ ತೂಗಬಾರ್ದು.

ಇನ್ನ ಕಾಗದದ ಮಾತು, ಇದು ನನ್ ಅಂಗಡಿ ಕೆಲಸ, ಇದ್ರಾಗ ನನಗ ಸ್ವಲ್ಪ ಸೊಕ್ಕೂ ಅದ. ಬೆದರಿಕಿ ಬಂತಂದ್ರ ಮಂದಿ ಮೊದ್ಲು ಮಾಡೋ ಕೆಲಸ ಡಿಲೀಟ್, ನೋಡ್ಲಕ ಆಗಂಗಿಲ್ಲ ನೋಡ್ರಿ, ಹೊಟ್ಟ್ಯಾಗ ಕಸಿವಿಸಿ ಆಗ್ತದ. ಡಿಲೀಟ್ ಮಾಡ್ಬ್ಯಾಡ್ರಿ. ಸ್ಕ್ರೀನ್‌ಶಾಟ್ ತೆಗಿವಾಗ ಮೆಸೇಜ್ ಒಂದೇ ಅಲ್ಲ, ಕಳಿಸಿದವನ ನಂಬರ್ ಅಥವಾ ಪ್ರೊಫೈಲ್ ಲಿಂಕ್, ತಾರೀಖು, ಟೈಮ್ ಎಲ್ಲಾ ಕಾಣ್ಬೇಕು. ನನಗ ಕಳಿಸ್ವಾಗ ವಾಟ್ಸಾಪಿನ್ಯಾಗ ಫೋಟೊ ಅಂತ ಕಳಿಸ್ಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲಂದ್ರ ಅದು ಸಣ್ಣದಾಗ್ತದ, ಒಳಗಿನ ತಾರೀಖಿನ ಮಾಹಿತಿ ಉದುರಿ ಹೋಗ್ತದ. ಅದೇ ಮಾತು ಉಲ್ಟಾನೂ ಖರೇ, ತಲಿಮರಸ್ಕೊಂಡ್ ಇರೋ ಕಲಾವಿದನ ಮನಿಯಾಗ ತೆಗದ ಫೋಟೊ ಹಂಗೇ ಡಾಕ್ಯುಮೆಂಟ್ ಮಾಡಿ ಯಾರಿಗರ ಕಳಿಸಿದ್ರ ಆ ಮನಿ ಲೊಕೇಶನ್ನೂ ಅದ್ರ ಜೊತಿಗೇ ಹೋಗ್ಬಹುದು. ಕೋರ್ಟಿಗಿ ಒಂದ್ ನಮೂನಿ, ಮಂದಿಗಿ ಒಂದ್ ನಮೂನಿ. ಪ್ರಿಂಟ್ ತೆಗದು ಕೋರ್ಟಿಗಿ ಕೊಡೋದಾದ್ರ ಅದು ಮೂಲ ಫೈಲಿಂದೇ ಅಂತ ಬರದು ಕೊಡೋ ಕಾಗದಕ್ಕ ಮೊದ್ಲು 65ಬಿ ಸರ್ಟಿಫಿಕೇಟ್ ಅಂತಿದ್ವಿ, 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನಿನ್ಯಾಗ ಅದು ಸೆಕ್ಷನ್ 63, ಫೈಲಿನ ಹ್ಯಾಶ್ ನಂಬರೂ, ಅಂದ್ರ ಫೈಲ್ ತಿದ್ದಿಲ್ಲ ಅಂತ ತೋರ್ಸೋ ಗುರ್ತಿನ ನಂಬರೂ, ಬರೀಬೇಕು. ಮೂಲ ಫೋನ್ ಮಾತ್ರ ಮಾರ್ಬ್ಯಾಡ್ರಿ, ಫಾರ್ಮ್ಯಾಟ್ ಮಾಡ್ಬ್ಯಾಡ್ರಿ, ಹಳೇ ಫೋನ್ ಎಕ್ಸ್‌ಚೇಂಜಿಗಿ ಕೊಟ್ಟು ಸಾಕ್ಷಿ ಕಳ್ಕೊಂಡಾಂವನೂ ನೋಡೀನಿ ನಾ.

ಪೂರಾ ಹಾಡು, ಪೂರಾ ನಾಟಕದ ರೆಕಾರ್ಡಿಂಗ್ ನಿಮ್ ಹತ್ರ ಇರ್ಲೇಬೇಕು. ಕತ್ತರ್ಸಿದ ತುಣುಕಿಗಿ ಉತ್ತರ ಅಂದ್ರ ಪೂರಾ ಹಾಡೇ. ಒಂದ್ ಪೆನ್‌ಡ್ರೈವ್ ಊರ ಹೊರಗಿನ ಒಬ್ಬರ ಹತ್ರ. ನಮ್ ತಂಡದ ಹಿರಿ ನಟಿ ಒಬ್ರು ಇದಕ್ಕ ನಗ್ತಾರ, "ಇದೇನ್ ಹೊಸಾದಲ್ಲೋ ತಮ್ಮಾ, ಕಲ್ಯಾಣದಾಗ ಗದ್ಲ ಆದಾಗ ಶರಣರು ವಚನದ ಕಟ್ಟ್ ಹೊತ್ಕೊಂಡು ಉಳವಿಗಿ ಹೋಗ್ಲಿಲ್ಲೇನು" ಅಂತಾರ. ಅವ್ರು ಬಸವಕಲ್ಯಾಣದವ್ರು, ಎಲ್ಲಾ ಮಾತು ಅಲ್ಲಿಗೇ ಒಯ್ತಾರ.

ರೆಕಾರ್ಡಿಂಗ್ ಇರ್ಬೇಕು ಅಂದ್ನಲ್ಲ, ಎಲ್ಲಿ ಹಾಕ್ಬೇಕು ಅನ್ನೋದು ಬ್ಯಾರೆ ಮಾತು. ಬೀದರಿನ ಶಾಲಿ ನಾಟಕದ ಕೇಸ್ ನೆನಪದ ಅಲ್ರಿ. 2020ರ ಜನವರಿ, ಸಣ್ಣ ಮಕ್ಕಳು ಶಾಲಿಯೊಳಗ ಆಡಿದ ನಾಟಕ, ಪೌರತ್ವ ಕಾನೂನಿನ ಬಗ್ಗೆ. ಫೇಸ್ಬುಕ್ಕಿಗಿ ವಿಡಿಯೊ ಏರಿದ ಮ್ಯಾಲೇ ಹೊರಗಿನವ್ರಿಗಿ ಗೊತ್ತಾಗಿದ್ದು. ರಾಜದ್ರೋಹದ ಕೇಸ್ ಬಿತ್ತು, ಮುಖ್ಯ ಶಿಕ್ಷಕಿ ಮತ್ತು ಒಬ್ಬ ಹುಡುಗಿಯ ತಾಯಿ ಜೈಲಿಗಿ ಹೋದ್ರು, ಎರಡ್ ವಾರ ಆದಮ್ಯಾಲ ಜಾಮೀನು. ಪೊಲೀಸ್ರು ಯೂನಿಫಾರ್ಮಿನ್ಯಾಗ ಶಾಲಿಗಿ ಹೋಗಿ ಮಕ್ಕಳನ್ನ ಮತ್ತ ಮತ್ತ ಪ್ರಶ್ನಿ ಮಾಡಿದ್ರು. ಕೇಸ್ ನಿಲ್ಲಂಗಿಲ್ಲ ಅಂತ ನಮ್ಮ ಹೈಕೋರ್ಟಿನ ಕಲಬುರಗಿ ಪೀಠ ರದ್ದು ಮಾಡಿದ್ದು 2023ರ ಜೂನ್‌ದಾಗ. ಗೆದ್ರಲ್ಲ ಅಂತೀರಿ, ಮೂರ್ ವರ್ಷ ಮಿಕ್ಕಿ ಆಯ್ತು, ನಾಕನೇ ಕ್ಲಾಸಿನ ಕೂಸು ಹೈಸ್ಕೂಲ್ ಹತ್ರ ಬಂದಿತ್ತು. ಅವ್ರು ಜೈಲಿಗಿ ಹೋದ ಸುದ್ದಿ ಬಂದ ವಾರ ನಮ್ ತಂಡದಾಗ ಇಬ್ರು ತಾಯಂದ್ರು ಮಕ್ಕಳನ್ನ ರಿಹರ್ಸಲ್‌ಗಿ ಕಳಿಸೋದು ಬಿಟ್ರು, ನಾ ಏನೂ ಅನ್ಲಿಲ್ಲ.

ಮುಚ್ಚಳಿಕೆಗಿ ಬರ್ತೀನಿ. ಠಾಣಾದಾಗ ಬರೆಸ್ಕೊಂಡ ಕಾಗದ ಬ್ಯಾರೆ, ತಹಸೀಲ್ದಾರ್ರು ಮ್ಯಾಜಿಸ್ಟ್ರೇಟ್ ಆಗಿ ಕುಂತಾಗ ಅವ್ರ ಮುಂದ ಬರಿಯೋ ಬಾಂಡ್ ಬ್ಯಾರೆ, ಇದು ಮೊದ್ಲು ತಿಳ್ಕೋರಿ. ಎರಡ್ರಾಗ ಯಾವ್ದೇ ಇರ್ಲಿ, ಒಬ್ರೇ ಕುಂತು ಸೈ ಮಾಡ್ಬ್ಯಾಡ್ರಿ, ಓದಿ ಹೇಳ್ರಿ ಅನ್ರಿ, ವಕೀಲ್ರು ಬರ್ಲಿ ಅನ್ರಿ, ನಕಲು ಕೇಳ್ರಿ. ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ ಕಥಿ ಗೊತ್ತದ ಅಲ್ಲ, 2015ರ ಜನವರಿ, ತಮಿಳುನಾಡಿನ ನಾಮಕ್ಕಲ್, ಶಾಂತಿ ಸಭೆ ಅಂತ ಅಧಿಕಾರಿಗಳೇ ಕೂಡ್ಸಿ ಬೇಷರತ್ ಕ್ಷಮಾಪಣೆಗಿ ಸೈ ಹಾಕಿಸಿದ್ರು, ಆ ಮನಷಾ ಲೇಖಕ ಸತ್ತ ಅಂತ ತಾನೇ ಬರದು ಪೆನ್ ಕೆಳಗಿಟ್ಟ. 2016ರ ಜುಲೈನ್ಯಾಗ ಮದ್ರಾಸ್ ಹೈಕೋರ್ಟ್ ಏನಂತು, ಆ ಸಭೆಯ ಒಪ್ಪಂದ ಯಾರಿಗೂ ಕಟ್ಟುನಿಟ್ಟಲ್ಲ ಅಂತು. ಆ ತೀರ್ಪು ಓದಿದ ದಿನ ನನಗ ಕಾಕಾನ ಹೆಬ್ಬೆಟ್ಟು ಕಣ್ಣ್ ಮುಂದ ಬಂತು.

ನನ್ ಡ್ರಾವರಿನ್ಯಾಗ ಇನ್ನೆರಡು ತೀರ್ಪಿನ ಪ್ರಿಂಟ್ ಯಾವಾಗ್ಲೂ ಇರ್ತಾವ. ಒಂದು 1989ರ ರಂಗರಾಜನ್ ಕೇಸ್, ಸಿನಿಮಾದ್ದು, ಮೆರವಣಿಗಿ ತೆಗಿತೀವಿ, ಗಲಾಟಿ ಮಾಡ್ತೀವಿ ಅಂತ ಯಾರೋ ಹೆದರಿಸಿದ್ರು ಅಂತ ಅಭಿವ್ಯಕ್ತಿ ಸ್ವಾತಂತ್ರ್ಯ ಒತ್ತಿ ಹಿಡಿಯಂಗಿಲ್ಲ, ಕಾಯೋದು ಸರ್ಕಾರದ ಕೆಲಸ ಅಂತ ಸುಪ್ರೀಂ ಕೋರ್ಟ್ ಹೇಳ್ಯದ. ಇನ್ನೊಂದು 2025ರ ಮಾರ್ಚಿಂದು, ಕವಿ ಇಮ್ರಾನ್ ಪ್ರತಾಪಗಢಿ ಅವರ ಮ್ಯಾಲ ಗುಜರಾತಿನ್ಯಾಗ ಒಂದ್ ಕವಿತೆ ಸಲುವಾಗಿ ಹಾಕಿದ ಎಫ್‌ಐಆರ್ ರದ್ದಾದ ಕೇಸ್. ಅದ್ರಾಗ ಉಪಯೋಗದ ಮಾತು ಏನಂದ್ರ ಕ್ರಿಮಿನಲ್ ಕೇಸ್ ಹೆಂಗ್ ನಡಸ್ಬೇಕು ಅನ್ನೋ ಹೊಸ ಕಾನೂನು ಬಿಎನ್‌ಎಸ್‌ಎಸ್‌ದ ಸೆಕ್ಷನ್ 173(3), ಮೂರ್ ವರ್ಷಕ್ಕ ಕಮ್ಮಿ ಇಲ್ಲದ, ಏಳಕ್ಕಿಂತ ಕಮ್ಮಿ ಶಿಕ್ಷೆ ಇರೋ ಅಪರಾಧ ಅಂದ್ರ ಡಿವೈಎಸ್‌ಪಿ ಪರವಾನಗಿ ತಗೊಂಡು ಎಫ್‌ಐಆರ್ ಹಾಕೋಕಿಂತ ಮೊದ್ಲೇ 14 ದಿನದಾಗ ಪ್ರಾಥಮಿಕ ವಿಚಾರಣಿ ಮಾಡ್ಬಹುದು, ಮಾತು ಬರಹದ ಕೇಸಿನ್ಯಾಗ ಹಂಗ್ ಮಾಡೋದೇ ಯೋಗ್ಯ ಅಂತ. ಒಂದ್ ಸಲ ಬೀದಿ ನಾಟಕದ ಹುಡುಗ್ರ ಮ್ಯಾಲ ದೂರು ಬಂದಾಗ ನಮ್ ವಕೀಲ್ರು ಈ ಪುಟ ಒಯ್ದು ಠಾಣಾದ ಟೇಬಲ್ ಮ್ಯಾಲ ಇಟ್ರು, ಜಗಳ ಇಲ್ಲ ಏನಿಲ್ಲ. ಅಲ್ಲಿದ್ದ ಸಾಹೇಬ್ರು ಎರಡ್ ಸಲ ಓದಿ, ಇದ್ರ ಝೆರಾಕ್ಸ್ ನಮಗೂ ಒಂದ್ ಕೊಡ್ರಿ ಅಂದ್ರು. ಕೊಟ್ವಿ. ಎಲ್ಲಾ ಪೊಲೀಸ್ರೂ ವೈರಿ ಅಲ್ಲ, ಕೆಲವ್ರಿಗಿ ಮ್ಯಾಲಿನ ಫೋನಿಗಿ ಉತ್ತರ ಕೊಡ್ಲಕ ಒಂದ್ ಕಾಗದ ಬೇಕಾಗಿರ್ತದ, ಅಷ್ಟೇ.

ಪರದೇಶದ ಕೆಲಸ ನಾ ಒಂದೇ ಮಾಡೀನಿ. ಹೈದರಾಬಾದಿನ್ಯಾಗ ಓದ್ಲಕತ್ತಿದ್ದ ಅಫ್ಘಾನಿ ಹುಡುಗ, ರುಬಾಬ್ ಅನ್ನೋ ತಂತಿ ವಾದ್ಯ ಬಾರಿಸ್ತಿದ್ದ, ಅವನ ರೂಮ್‌ಮೇಟ್ ನಮ್ಮೂರ್ ಹುಡುಗ. 2021ರ ಆಗಸ್ಟಿನ್ಯಾಗ ಕಾಬೂಲ್ ತಾಲಿಬಾನ್ ಕೈಗಿ ಹೋಯ್ತು, ಅದೇ ತಿಂಗಳು ಅಂದರಾಬ್ ಕಣಿವಿಯಾಗ ಫವಾದ್ ಅಂದರಾಬಿ ಅನ್ನೋ ಜಾನಪದ ಹಾಡುಗಾರನ್ನ ಗುಂಡ್ ಹಾಕಿ ಕೊಂದ್ರು. ಇವನ ಮನಿಯವ್ರು ಅವನ ಹಳೇ ರುಬಾಬ್ ಅಂಗಳದಾಗ ಹುಗದ್ರಂತ. ಅಂವ ನನ್ನ ಕಾಕಾ ಜಾನ್ ಅಂತಿದ್ದ, ಅವರ ಕಡೀನೂ ಕಾಕಾ ಅಂದ್ರ ಕಾಕಾನೇ ಅಂತ ನೋಡ್ರಿ, ನನಗ ಅದೇ ಒಂದ್ ನಂಟಾಗಿ ಬಿಡ್ತು.

ನಮ್ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕ ಸೈ ಹಾಕಿಲ್ಲ, ಹಂಗಾಗಿ ವೀಸಾ ತಾರೀಖೇ ಅವನ ಉಸಿರು. ನಾರ್ವೆ ದೇಶದ ಸ್ಟವಾಂಗರ್ ಊರಾಗ ಐಕಾರ್ನ್ ಅಂತ ಒಂದ್ ಜಾಲ ಅದ, 2006ರಾಗ ಶುರುವಾದದ್ದು, ಬೆದರಿಕಿ ಇರೋ ಲೇಖಕರು ಕಲಾವಿದರಿಗಿ ಯಾವ್ದರ ಒಂದ್ ನಗರ ಎರಡ್ ವರ್ಷದ ತನಕ ಮನಿ, ಖರ್ಚು ಕೊಟ್ಟು ಇಟ್ಕೊಳ್ತದ. ಆ ಅರ್ಜಿ ನನ್ ಅಂಗಡ್ಯಾಗೇ ತುಂಬಿದ್ವಿ. ಅವ್ರು ಕೇಳೋದು ಕಣ್ಣೀರಲ್ಲ. ನಿನ್ ಕಲಾ ಏನು, ಎಲ್ಲಿ ಬಾರಿಸಿದ್ದಿ, ಯಾರು ಯಾವಾಗ ಹೆಂಗ್ ಬೆದರ್ಸಿದ್ರು, ಅದಕ್ಕ ಪುರಾವೆ ಏನು. ಅವನ ತಮ್ಮಗ ಬಂದ ಒಂದ್ ವಾಯ್ಸ್ ಮೆಸೇಜ್ ಇತ್ತು. ಅಂವ ದರಿ ಭಾಷೆಯಿಂದ ಹಿಂದಿಗಿ ಹೇಳ್ತಿದ್ದ, ನಾ ಕನ್ನಡದಾಗ ಬರ್ಕೋತಿದ್ದೆ, ಕಾಲೇಜಿನ ಒಬ್ರು ಮೇಡಮ್ಮು ಇಂಗ್ಲಿಷಿಗಿ ಇಳಿಸ್ತಿದ್ರು. ಹನ್ನೊಂದ್ ಸೆಕೆಂಡಿನ ಮೆಸೇಜು, ಎರಡ್ ತಾಸು ಹಿಡೀತು. ನಡುವ ಒಂದ್ ಕಡಿ ನಿಂತುಬಿಟ್ಟ. ಏನೋ ಅಂದ್ರ, "ಇಲ್ಲಿ ನನ್ ಸಣ್ಣಂದಿನ ಹೆಸರ್ ಹಿಡದು ಕರದಾರ ಕಾಕಾ ಜಾನ್, ಇದು ನಮ್ ಓಣಿಯವ್ರೇ" ಅಂದ. ಆ ಸಾಲು ಅರ್ಜ್ಯಾಗ ಹೆಂಗ್ ಬರಿಬೇಕು ಅಂತ ನನಗ ತಿಳೀಲಿಲ್ಲ, ಮೇಡಮ್ಮು ಬರದ್ರು.

ಅರ್ಜಿ ಕಳಿಸಿ ತಿಂಗಳುಗಟ್ಲೆ ಕಾಯ್ಬೇಕು, ಯಾವ್ದರ ನಗರದಾಗ ಜಾಗ ಖಾಲಿ ಆಗ್ಬೇಕಲ್ಲ. ಅದನ್ನೇ ನಂಬ್ಕೊಂಡು ಕೂಡಬಾರ್ದು ಅಂತ ಕಾಲೇಜ್ ಸೀಟು, ಸ್ಕಾಲರ್‌ಶಿಪ್, ಬ್ಯಾರೆ ಬ್ಯಾರೆ ಕಡಿನೂ ಹಾಕ್ಸಿದ್ವಿ. ಕಡೀಗಿ ಹದಿನಾಕು ತಿಂಗಳಿಗಿ ಜರ್ಮನಿಯಾಗ ಓದೋ ಸೀಟು ಸಿಕ್ತು, ಹೋದ. ಅಷ್ಟೂ ದಿನ ಅವನ ರೂಮ್ ಬಾಡಿಗಿ, ಊಟ ಯಾರ್ ಕೊಡೋದು? ಪಟ್ಟಿ ಎತ್ತಿದ್ವಿ, ತಿಂಗಳಿಗಿ ನೂರು ಇನ್ನೂರು. ಭಾಷಣಕ್ಕ ಬರೋ ಮಂದಿ ಪಟ್ಟಿಗಿ ಬರಂಗಿಲ್ಲ, ಪಟ್ಟಿಗಿ ಬಂದಾರು ಎಂದೂ ಭಾಷಣ ಮಾಡದ ಹೋಟೆಲ್ಲಿನವ್ರು, ಟೇಲರು. ಕಲಾವಿದ ಸಿಕ್ಕಿಬಿದ್ದಾಗ ಮೊದ್ಲು ನಿಲ್ಲೋದು ಅವನ ಮನಿ ಒಲಿ, ವಕೀಲ್ರ ಫೀಸ್ ಆಮ್ಯಾಲ. ಹಾಡು ನಿಂತ ಆ ವರ್ಷ ಕಾಕಾನ್ನ ಯಾರೂ ಭಜನಿಗಿ ಕರೀಲಿಲ್ಲ, ಭಜನಿಯಿಂದ ಬರೋ ಜ್ವಾಳ ತೊಗರಿ ನಿಂತ್ವು, ಅದು ನನಗ ಹೊಳದದ್ದೇ ಎರಡ್ ವರ್ಷಕ್ಕ.

ಹ್ವಾದ ಚಳಿಗಾಲದಾಗ ಕಾಕಾ ದವಾಖಾನಿಗಿ ಅಂತ ಕಲಬುರಗಿಗಿ ಬಂದಾಂವ್ರು ಅಂಗಡಿಗಿ ಬಂದ್ರು. ಮದ್ರಾಸ್ ತೀರ್ಪಿನ ಮಾತು ಹೇಳ್ದೆ, ಆ ಕೋರ್ಟಿಂದು ಇಲ್ಲಿ ನೇರ ನಡೀಲಕಿಲ್ಲ ಕಾಕಾ, ಆದ್ರ ವಕೀಲ್ರು ತೋರಿಸ್ಬಹುದು, ನಿಮ್ದು ಬರೇ ಠಾಣಾದ ಕಾಗದ, ಹಾಡಬ್ಯಾಡ ಅನ್ಲಕ ಅದಕ್ಕ ಅಧಿಕಾರ ಇಲ್ಲ ಅಂತ. ನಾ ಕನ್ನಡದಾಗ ಮಾಡ್ಕೊಂಡಿದ್ದ ಒಂದ್ ಪುಟದ ಸಾರಾಂಶ ಓದಿ ಹೇಳು ಅಂದ್ರು. ಓದ್ದೆ. ಇನ್ನೊಮ್ಮಿ ಅಂದ್ರು. ಇನ್ನೊಮ್ಮಿ ಓದ್ದೆ. "ಇದಕ್ಕ ಪ್ಲಾಸ್ಟಿಕ್ ಹಾಕಿ ಕೊಡು ತಮ್ಮಾ, ಮಳಿಗಿ ತೊಯ್ಬಾರ್ದು" ಅಂದ್ರು. ಲ್ಯಾಮಿನೇಷನ್ ಮಾಡಿ ಕೊಟ್ಟೆ. ಹಾಡ್ತೀರೇನ್ ಕಾಕಾ ಅಂತ ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ. ರೊಕ್ಕ ಬ್ಯಾಡ್ರಿ ಅಂದ್ರೂ ಕೇಳ್ದೆ ಮಷೀನ್ ಮ್ಯಾಲ ಇಪ್ಪತ್ ರೂಪಾಯಿ ಇಟ್ಟು ಹೋದ್ರು.