ನೀರಲ್ಲಿ ಕೈ ನಿಜಕ್ಕೂ ಎಲ್ಲಿಗೆ ಹೋಗುತ್ತಿದೆ?

ಫ್ರೀಸ್ಟೈಲ್ ಈಜಿನಲ್ಲಿ ನನ್ನ ಎಡಗೈ ನೇರವಾಗಿ ಮುಂದಕ್ಕೆ ಚಾಚುತ್ತಿದೆ ಎಂದೇ ವರ್ಷಗಟ್ಟಲೆ ನಂಬಿದ್ದೆ. ತಂಗಿ ಎದುರು ಗೋಡೆಯ ಬಳಿ ಕೂತು ತೆಗೆದ 20 ಸೆಕೆಂಡಿನ ವಿಡಿಯೊ ನೋಡಿದೆ. ಉಸಿರಿಗೆಂದು ಬಲಕ್ಕೆ ತಿರುಗಿದಾಗಲೆಲ್ಲ ಆ ಕೈ ತಲೆಯ ಮುಂದೆ ಅಡ್ಡ ದಾಟಿ ಬಲಗಡೆ ಬೀಳುತ್ತಿತ್ತು! ಮೈಗೆ ಮಾತ್ರ ಅದರ ಸುಳಿವೇ ಇರಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ವಿಡಿಯೊ ತೆಗೆದು ಕಿನೋವಿಯಾದಲ್ಲಿ ನೋಡುತ್ತೇನೆ. ಕ್ರೀಡೆಯ ವಿಡಿಯೊಗಳನ್ನು ನಿಧಾನವಾಗಿ ನೋಡಿ ಅಳೆಯಲು ಇರುವ, ವಿಂಡೋಸ್‌ನಲ್ಲಿ ನಡೆಯುವ ಈ ತಂತ್ರಾಂಶ ಉಚಿತ.

ಮೊದಲು ಕೊಳದವರ ಅನುಮತಿ ಕೇಳಿ. ಬೇರೆಯವರು, ಅದರಲ್ಲೂ ಮಕ್ಕಳು, ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಿ. ಫೋನನ್ನು ಸೆಕೆಂಡಿಗೆ 60 ಫ್ರೇಮ್‌ಗೆ (ಅಂದರೆ 60 ಬಿಡಿ ಚಿತ್ರಗಳಿಗೆ) ಇಡಿ. 30 ಇದ್ದರೆ ಕೈ ನೀರಿಗಿಳಿಯುವ ಕ್ಷಣ ಎರಡು ಫ್ರೇಮ್‌ಗಳ ನಡುವೆ ಕಳೆದುಹೋಗಬಹುದು. 240ರಲ್ಲಿ ತೆಗೆದ ಸ್ಲೋಮೋಷನ್ ಕಡತವಾದರೆ ಅದರ ನಿಜವಾದ ಫ್ರೇಮ್ ವೇಗವನ್ನು ತಂತ್ರಾಂಶಕ್ಕೆ ತಿಳಿಸಲೇಬೇಕು. ಇಲ್ಲದಿದ್ದರೆ 30ರ ವೇಗದಲ್ಲಿ ಓಡುವ ಕಡತದಲ್ಲಿ 1 ಸೆಕೆಂಡು 8 ಸೆಕೆಂಡಾಗಿ ಕಾಣುತ್ತದೆ, ಲೆಕ್ಕವೆಲ್ಲ ಹಾಳು.

ನನಗೆ ಅತಿ ಹೆಚ್ಚು ಕಲಿಸಿದ್ದು ಕಿನೋವಿಯಾದೊಳಗಿನ ಸ್ಟಾಪ್‌ವಾಚ್. ಬಲಗೈ ನೀರು ಮುಟ್ಟಿದ ಫ್ರೇಮ್‌ನಿಂದ ಮತ್ತೆ ಅದೇ ಕೈ ನೀರು ಮುಟ್ಟುವವರೆಗೆ ಒಂದು ಸುತ್ತು. ಒಂದೇ ಸುತ್ತು ಅಳೆಯಬೇಡಿ, ಮೂರು ಅಳೆದು ಭಾಗಿಸಿ. ಒಂದು ಫ್ರೇಮ್ ಆಚೀಚೆಯಾದರೂ ತಪ್ಪು ಚಿಕ್ಕದಾಗುತ್ತದೆ. ನನ್ನ ಒಂದು ವಿಡಿಯೊದಲ್ಲಿ ಮೂರು ಸುತ್ತಿಗೆ 4.5 ಸೆಕೆಂಡು. ಅಂದರೆ ಸುತ್ತಿಗೆ 1.5 ಸೆಕೆಂಡು, ನಿಮಿಷಕ್ಕೆ 40 ಸುತ್ತು. ಇನ್ನು ವೇಗ. ಸ್ಪರ್ಧೆಯ ಲೇನ್ ಹಗ್ಗದಲ್ಲಿ 5 ಮೀಟರ್ ಮತ್ತು 15 ಮೀಟರ್ ಬಳಿ ತೇಲುಬಿಲ್ಲೆಗಳ ಬಣ್ಣ ಬದಲಾಗುತ್ತದೆ. ಎರಡೂ ಬದಿಯ ಹಗ್ಗದ ಅದೇ ಗುರುತುಗಳನ್ನು ಪರದೆಯ ಮೇಲೆ ಗೆರೆ ಎಳೆದು ಜೋಡಿಸಿ, ತಲೆ ಆ ಗೆರೆ ದಾಟುವ ಸಮಯ ಹಿಡಿಯಿರಿ. ಕ್ಯಾಮೆರಾ ಓರೆಯಾಗಿದ್ದರೂ ಇದು ಕೈಕೊಡುವುದಿಲ್ಲ. ನನಗೆ 10 ಮೀಟರ್‌ಗೆ 8 ಸೆಕೆಂಡು ಹಿಡಿಯಿತು: ಸೆಕೆಂಡಿಗೆ 1.25 ಮೀಟರ್, ಒಂದು ಸುತ್ತಿಗೆ ಸುಮಾರು 1.88 ಮೀಟರ್. ಕೈ ಬೇಗ ಬೇಗ ತಿರುಗಿಸಿದ ದಿನ ಸುತ್ತಿನ ದೂರ ಕುಸಿದು ವೇಗ ಅಷ್ಟೇ ಉಳಿದಿದ್ದರೆ, ಕೈ ನೀರನ್ನು ಹಿಡಿಯದೆ ಜಾರುತ್ತಿದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಮೊಣಕೈ ಕೋನ ಅಳೆಯುವ ಆಸೆ ಎಲ್ಲರಿಗೂ ಬರುತ್ತದೆ. ನೀರೊಳಗಿನ ಕ್ಯಾಮೆರಾ ಇಲ್ಲದೆ ಅದಕ್ಕೆ ಕೈಹಾಕಬೇಡಿ, ಮೇಲಿನಿಂದ ನೋಡಿದರೆ ನೀರು ಕೈಯನ್ನು ಬಗ್ಗಿಸಿ ತೋರಿಸುತ್ತದೆ. ಕ್ಯಾಮೆರಾ ನೀರೊಳಗಿದ್ದರೂ ಕೈ ಅದಕ್ಕೆ ಸರಿಯಾಗಿ ಅಡ್ಡಲಾಗಿದ್ದಾಗಿನ ಕೋನವನ್ನಷ್ಟೇ ನಂಬಿ. ಅಂಕಿ ಇಲ್ಲದೆಯೂ ಒಂದನ್ನು ನೋಡಬಹುದು: ಎಳೆತ ಶುರುವಾಗುವಾಗ ಮೊಣಕೈ ಅಂಗೈಗಿಂತ ಮೇಲಿದೆಯೇ, ಮೊದಲೇ ಕೆಳಗೆ ಕುಸಿದಿದೆಯೇ?

ಪಕ್ಕದಿಂದ ತೆಗೆದ ವಿಡಿಯೊದಲ್ಲಿ ತಲೆಯಿಂದ ಸೊಂಟಕ್ಕೆ ಒಂದು ಗೆರೆ ಎಳೆಯಿರಿ. ಉಸಿರಿಗೆ ತಲೆ ಎತ್ತಿದೊಡನೆ ಸೊಂಟ ಇಳಿಯುವುದು ಆ ಗೆರೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಸಲಕ್ಕೆ ಒಂದೇ ತಪ್ಪು ಆರಿಸಿಕೊಳ್ಳಿ, ದಯವಿಟ್ಟು. ನಾನು ಎಡಗೈಯೊಂದನ್ನೇ ಹಿಡಿದೆ: ಭುಜಕ್ಕಿಂತ ಹೊರಗೆ ಚಾಚುತ್ತಿದ್ದೇನೆ ಎನಿಸುವಷ್ಟು ಅಗಲಕ್ಕೆ ಇಟ್ಟು ಈಜಿದೆ. ತಿಂಗಳ ನಂತರ ಅದೇ ಜಾಗದಿಂದ ತೆಗೆದ ವಿಡಿಯೊವನ್ನು ಹಳೆಯದರ ಪಕ್ಕದಲ್ಲಿ ತೆರೆದು, ಕೈ ನೀರು ಮುಟ್ಟುವ ಫ್ರೇಮ್‌ಗೆ ಎರಡನ್ನೂ ಹೊಂದಿಸಿದೆ. ತೀರಾ ಅಗಲ ಎನಿಸಿದ್ದ ಆ ಕೈ ಭುಜದ ನೇರಕ್ಕೇ ಇತ್ತು.