ಪರದೇಶದ ಕಣ್ಣಿನಿಂದ ಸ್ವಂತ ಊರನ್ನು ನೋಡುವುದು ಹೇಗೆ

ಜರ್ಮನಿಗೆ ಹೋದಾಗ ಅರಮನೆಗಳಿಗಿಂತ ಮೊದಲು ಅಲ್ಲಿನ ದಿನಸಿ ಅಂಗಡಿಯೊಂದರಲ್ಲಿ ಅರ್ಧ ಗಂಟೆ ನಿಲ್ಲಿ. ಒಮ್ಮೆ ಬಳಸುವ ಪಾನೀಯದ ಬಾಟಲಿಗಳಿಗೂ 2003ರಿಂದ ಅಲ್ಲಿ ಠೇವಣಿ ಉಂಟು. ಖಾಲಿ ಬಾಟಲಿಯನ್ನು ಯಂತ್ರದ ಬಾಯಿಗಿಟ್ಟರೆ ಅದು ಗರಗರನೆ ಒಳಗೆಳೆದುಕೊಂಡು 25 ಸೆಂಟಿನ ಚೀಟಿ ಕೊಡುತ್ತದೆ, ಗಲ್ಲಾದಲ್ಲಿ ಅದಕ್ಕೆ ಹಣ ಸಿಗುತ್ತದೆ. ಕಂಡದ್ದನ್ನು ಅಂದೇ ರಾತ್ರಿ ಬರೆದಿಡಿ. ‘ಅವರು ಶಿಸ್ತಿನವರು’ ಎಂದು ನಿಲ್ಲಿಸದೆ, ಆ ಶಿಸ್ತಿನ ಹಿಂದಿರುವ ಏರ್ಪಾಡನ್ನೂ ಬರೆಯಿರಿ. ನನ್ನ ಮಟ್ಟಿಗೆ ಇದೇ ಮುಖ್ಯ ಹೆಜ್ಜೆ, ಇಲ್ಲವಾದರೆ ನಮ್ಮವರ ಮೇಲೆ ತಿರಸ್ಕಾರವಷ್ಟೇ ಉಳಿಯುತ್ತದೆ.

ಮರಳಿದ ಮೊದಲ ವಾರ ಯಾರಿಗೂ ಉಪದೇಶ ಮಾಡಬೇಡಿ. ಹಳೆಯ ಪತ್ರಿಕೆ, ಸೀಸೆಗಳನ್ನು ತಕ್ಕಡಿಯಲ್ಲಿ ತೂಗಿ ಕೊಂಡೊಯ್ಯುವ ಗುಜರಿಯವರನ್ನು ಗಮನಿಸಿ. ಅಲ್ಲಿ ಯಂತ್ರ ಮಾಡುವ ಕೆಲಸವನ್ನು ಇಲ್ಲಿ ಅವರು ಬಿಸಿಲಲ್ಲಿ ನಡೆದು ಮಾಡುತ್ತಿರುವುದು ಆಗ ಕಾಣುತ್ತದೆ. ಅವರಿಗೆ ಕೊಡುವ ಮುನ್ನ ಸೀಸೆಗಳನ್ನು ತೊಳೆದಿಡಿ.